ಬಾವಿಯಿಂದ ಹೊರಗೆ ಬಂದ ಕಪ್ಪೆ ಮತ್ತೆ ಯಾಕೆ ಇಳಿಯಿತು? ಗಂಗದತ್ತನ ಕಥೆಗೆ ಚಿತ್ರ ಬರೆಯುತ್ತಿದ್ದೇನೆ, ಸಲಹೆ ಬೇಕು

ಸೊಪ್ಪಿನಬೆಟ್ಟ, ಶಿರಸಿ

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಶಾಲೆಯ ಮಕ್ಕಳಿಗೆಂದು ಒಂದು ಚಿತ್ರಪುಸ್ತಕ ಮಾಡುತ್ತಿದ್ದೇನೆ. ಪಂಚತಂತ್ರದ ಗಂಗದತ್ತನ ಕಥೆ. ಮಾತು ಕಡಿಮೆ, ಚಿತ್ರ ಜಾಸ್ತಿ. ಕರಡು ಒಂದಿಷ್ಟು ಆಗಿದೆ, ಆದರೆ ಕೆಲವು ಪುಟಗಳಲ್ಲಿ ಕೈ ಓಡುತ್ತಿಲ್ಲ. ಇಲ್ಲಿ ಚಿತ್ರ ಬರೆಯುವವರು, ಪಾಠ ಮಾಡುವವರು, ಕಾಡು ಸುತ್ತುವವರು ಎಲ್ಲ ಇದ್ದೀರಿ, ಅದಕ್ಕೇ ಕೇಳೋಣ ಅಂತ.

ಕಥೆ ಮರೆತವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. ಒಂದು ಬಾವಿಯಲ್ಲಿ ಗಂಗದತ್ತ ಅನ್ನುವ ಕಪ್ಪೆರಾಜ. ದಾಯಾದಿಗಳ ಕಾಟ ತಡೆಯಲಾಗದೆ ನೀರೆತ್ತುವ ಗಾಲಿಯ ಗಡಿಗೆ ಹಿಡಿದು ಮೇಲೆ ಬರುತ್ತಾನೆ. ಅಲ್ಲೊಂದು ಹಾವು ಬಿಲದೊಳಗೆ ಹೋಗುವುದು ಕಾಣುತ್ತದೆ. ಹೆಸರು ಪ್ರಿಯದರ್ಶನ. ಇದನ್ನು ಬಾವಿಗೆ ಕರೆದುಕೊಂಡು ಹೋದರೆ ದಾಯಾದಿಗಳ ಕಥೆ ಮುಗಿಯಿತು ಅಂತ ಗಂಗದತ್ತನಿಗೆ ಹೊಳೆಯುತ್ತದೆ. ಬಿಲದ ಬಾಯಲ್ಲಿ ನಿಂತು ಕೂಗುತ್ತಾನೆ. ಹಾವಿಗೇ ಮೊದಲು ಹೆದರಿಕೆ! ಇದು ನಮ್ಮವರ ದನಿ ಅಲ್ಲ, ಯಾರೋ ಹಾವು ಹಿಡಿಯುವವನು ಇರಬೇಕು ಅಂದುಕೊಳ್ಳುತ್ತದೆ. ಆಮೇಲೆ ಮಾತುಕತೆ. ಹಾವಿಗೆ ವಯಸ್ಸಾಗಿದೆ, ಯಾವಾಗಲಾದರೂ ಒಂದು ಇಲಿ ಸಿಕ್ಕಿದರೆ ಸಿಕ್ಕಿತು. ಆದರೂ ಅದು ಕೇಳುತ್ತದೆ, ಕಲ್ಲು ಕಟ್ಟಿದ ಬಾವಿ, ನನಗೆ ಕಾಲಿಲ್ಲ, ಹೇಗೆ ಇಳಿಯಲಿ, ಇಳಿದು ಎಲ್ಲಿ ಕೂರಲಿ ಅಂತ. ದಾರಿ ತೋರಿಸುವವನು ಕಪ್ಪೆಯೇ. ನೀರಿನ ಹತ್ತಿರ ಒಂದು ಪೊಟರೆ ಇದೆ, ಬಾ, ನಾನು ತೋರಿಸಿದವರನ್ನು ಮಾತ್ರ ತಿನ್ನು ಅನ್ನುತ್ತಾನೆ.

ದಾಯಾದಿಗಳು ಮುಗಿದರು. ಈಗ ವಾಪಸ್ ಹೋಗು ಅಂದರೆ ಹಾವು ಹೋಗುವುದಿಲ್ಲ. ನನ್ನ ಹಳೆ ಬಿಲ ಬೇರೆಯವರ ಪಾಲಾಗಿರುತ್ತದೆ, ದಿನಕ್ಕೊಂದು ಕಪ್ಪೆ ಕೊಡು ಅನ್ನುತ್ತದೆ. ಕೊಡುತ್ತಾನೆ. ಹಾವು ಕೊಟ್ಟದ್ದನ್ನೂ ತಿನ್ನುತ್ತದೆ, ಕಣ್ಣು ತಪ್ಪಿಸಿ ಉಳಿದವರನ್ನೂ ತಿನ್ನುತ್ತದೆ. ಒಂದು ದಿನ ಅವನ ಮಗ ಯಮುನದತ್ತನೂ ಹೋದ. ಕೊನೆಗೆ ಉಳಿದವನು ಗಂಗದತ್ತ ಒಬ್ಬನೇ. ಬೇರೆ ಬಾವಿಗಳಿಂದ ಕಪ್ಪೆ ತರುತ್ತೇನೆ ಅಂತ ಹೇಳಿ ಹೊರಬಿದ್ದವನು ಮತ್ತೆ ಬರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಜಾಗ. ಗಂಗದತ್ತ ಆಗಲೇ ಹೊರಗೆ ಬಂದಿದ್ದ! ಬಾವಿಕಟ್ಟೆಯ ಮೇಲೆ ಕೂತಿದ್ದಾನೆ, ಹಿಂದೆ ಗದ್ದೆ, ಕೆರೆ, ಹಳ್ಳ, ಇಡೀ ಊರು ಬಿದ್ದಿದೆ. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಆದರೆ ಅವನು ಒಳಗೇ ನೋಡುತ್ತಾನೆ, ಆ ನಾಲ್ಕು ಮಾರು ನೀರಿನ ರಾಜ್ಯ ಬೇಕೇ ಬೇಕು ಅಂತ. ನನ್ನ ಪ್ರಕಾರ ಕಥೆಯ ಅನಾಹುತ ಆಗುವುದು ಅಲ್ಲೇ, ಹಾವು ಇನ್ನೂ ಬಂದೇ ಇಲ್ಲ. ಹಾಗಾಗಿ ಪುಸ್ತಕದ ದೊಡ್ಡ ಚಿತ್ರ, ಎರಡು ಪುಟ ಪೂರ್ತಿ ತುಂಬುವ ಚಿತ್ರ, ಅದೇ ಆಗಬೇಕು ಅಂತ ನನ್ನ ಹಟ. ಮನೆಯಲ್ಲಿ ತೋರಿಸಿದರೆ ಎಲ್ಲರೂ ಹಾವು ಬಾಯಿ ತೆರೆದ ಪುಟವನ್ನೇ ದೊಡ್ಡದು ಮಾಡು ಅನ್ನುತ್ತಾರೆ.

ನಿಮ್ಮ ಅಭಿಪ್ರಾಯ ಹೇಳಿ. ಇನ್ನೆರಡು ಪ್ರಶ್ನೆ ಇವೆ. ಕಪ್ಪೆರಾಜ ಅಂತ ಕಿರೀಟ ಇಲ್ಲದೆ ಹೇಗೆ ತೋರಿಸುವುದು? ನಮ್ಮ ಕಡೆ ಮನೆಗೋಡೆಗೆ ಬರೆಯುವ ಚಿತ್ತಾರದ ಶೈಲಿಯಲ್ಲಿ ಬರೆಯಬಹುದಾ?

ಕುಮಟಾ ಮಾಸ್ತರು

ತಂಗಿ, ದೊಡ್ಡ ಚಿತ್ರದ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಈ ಕಥೆ ಕ್ಲಾಸಿನಲ್ಲಿ ಹೇಳಿದಾಗೆಲ್ಲ ಮಕ್ಕಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಸರ್, ಅವನು ಬೇರೆ ಕೆರೆಗೆ ಯಾಕೆ ಹೋಗಲಿಲ್ಲ?" ಅಂತ. ಹಾವಿನ ಬಗ್ಗೆ ಅಷ್ಟು ಪ್ರಶ್ನೆ ಬರುವುದಿಲ್ಲ. ಹಾವು ಕಪ್ಪೆ ತಿನ್ನುತ್ತದೆ ಅನ್ನುವುದು ನಮ್ಮ ಕಡೆಯ ಮಕ್ಕಳಿಗೆ ಗೊತ್ತಿರುವ ವಿಷಯ, ಮಳೆಗಾಲದಲ್ಲಿ ಗದ್ದೆಯ ಹಾಳಿಯ ಮೇಲೆ ನೋಡಿರುತ್ತಾರೆ. ಕಪ್ಪೆಯೇ ಹೋಗಿ ಹಾವನ್ನು ಕರೆಯುತ್ತದೆ ಅನ್ನುವುದು ಅವರಿಗೆ ಅರಗುವುದಿಲ್ಲ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮಗನ ಪುಟ ತೆಗೆಯಬೇಡ. ಮಕ್ಕಳಿಗೆ ಕ್ರೂರ ಆಗುತ್ತದೆ, ಬಿಟ್ಟುಬಿಡಿ ಅನ್ನುವವರು ಬಂದೇ ಬರುತ್ತಾರೆ. ಅದನ್ನು ಬಿಟ್ಟರೆ ಉಳಿಯುವುದು ಜಾಣ ಕಪ್ಪೆ ಹಾವಿಗೆ ಟೋಪಿ ಹಾಕಿ ಪಾರಾದ ಕಥೆ ಅಷ್ಟೇ. ಆಮೇಲೆ ಮಕ್ಕಳು ಗಂಗದತ್ತನಿಗೆ ಚಪ್ಪಾಳೆ ತಟ್ಟುತ್ತಾರೆ.

ಯಲ್ಲಾಪುರದ ಓದುಗ

ನನ್ನದು ಸ್ವಲ್ಪ ತಕರಾರು ಇದೆ. ಮೂಲದಲ್ಲಿ ಈ ಕಥೆ ಬರುವುದು ಲಬ್ಧಪ್ರಣಾಶ ಅನ್ನುವ ನಾಲ್ಕನೇ ತಂತ್ರದಲ್ಲಿ, ಅಂದರೆ ನಾಲ್ಕನೇ ಭಾಗದಲ್ಲಿ. ಹೇಳುವುದು ಮಂಗ, ಕೇಳುವುದು ಮೊಸಳೆ. ಮೊಸಳೆ ತನ್ನ ಹೆಂಡತಿಗಾಗಿ ಮಂಗನ ಗುಂಡಿಗೆ ತರಲು ಹೋಗಿ, ಮಂಗ ಮರ ಹತ್ತಿ ತಪ್ಪಿಸಿಕೊಂಡ ಮೇಲೆ ಮತ್ತೆ ಬಾ ಅಂತ ಕರೆಯುತ್ತದೆ. ಆಗ ಮಂಗ ಈ ಕಥೆ ಹೇಳಿ, ಗಂಗದತ್ತ ಬಾವಿಗೆ ಮರಳಿ ಬರುವುದಿಲ್ಲ ಅನ್ನುತ್ತದೆ. "ಹಸಿದವನು ಯಾವ ಪಾಪ ತಾನೇ ಮಾಡುವುದಿಲ್ಲ?" ಅನ್ನುವ ಪ್ರಸಿದ್ಧ ಶ್ಲೋಕ ಅದೇ. ಅಂದರೆ ಮಂಗನ ಬಾಯಲ್ಲಿ ಇದು ತಪ್ಪಿಸಿಕೊಂಡವನ ಬುದ್ಧಿವಂತಿಕೆಯ ಕಥೆ. ನೀವು ಇದನ್ನು ಅಧಿಕಾರದ ಹುಚ್ಚಿನ ಕಥೆ ಮಾಡುತ್ತಿದ್ದೀರಿ. ಮಾಡಬಾರದು ಅಂತ ಹೇಳುತ್ತಿಲ್ಲ. ಆದರೆ ಆಧಾರ ಕಥೆಯ ಒಳಗೇ ಇರಬೇಕು, ನಾವು ಹೊರಗಿನಿಂದ ತಂದು ಅಂಟಿಸಿದ ಹಾಗೆ ಆಗಬಾರದು.

ಚಿತ್ರದ ಬಗ್ಗೆ ಒಂದು ಸಂಗತಿ. ಈ ಕಥೆಗಳಿಗೆ ಚಿತ್ರ ಯಾವತ್ತೂ ಸುಮ್ನೆ ಅಲಂಕಾರಕ್ಕೆ ಬಂದಿದ್ದಲ್ಲ. ಪಂಚತಂತ್ರ 6ನೇ ಶತಮಾನದಲ್ಲಿ ಪರ್ಷಿಯಾಕ್ಕೆ ಹೋಯಿತು, 8ನೇ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫ ಅದನ್ನು ಅರಬ್ಬಿಗೆ ತಂದ. ಬಗೆಬಗೆಯ ಬಣ್ಣಗಳಲ್ಲಿ ಪ್ರಾಣಿಗಳನ್ನು ತೋರಿಸಿ ರಾಜರ ಮನಸ್ಸು ಹಿಡಿಯುವುದೂ ಪುಸ್ತಕದ ಒಂದು ಉದ್ದೇಶ ಅಂತ ಅವನೇ ಪೀಠಿಕೆಯಲ್ಲಿ ಬರೆದಿದ್ದಾನೆ. ರಾಜನಿಗೆ ನೇರವಾಗಿ ಹೇಳಲಾಗದ್ದನ್ನು ನರಿ, ಸಿಂಹ, ಎತ್ತಿನ ಬಾಯಿಂದ ಹೇಳಿಸುವ ಪುಸ್ತಕ ಅದು. ಅಷ್ಟು ಜಾಗ್ರತೆಯಿಂದ ಬರೆದವನೂ ಕೊನೆಗೆ ಬಸ್ರಾದ ಅಧಿಪತಿಯ ಕೈಯಲ್ಲಿ ಕೊಲೆಯಾದ. ನಮ್ಮಲ್ಲಿ 1031ರ ಸುಮಾರಿಗೆ ಕನ್ನಡ ಪಂಚತಂತ್ರ ಬರೆದ ದುರ್ಗಸಿಂಹ ಕೂಡ ಚಾಲುಕ್ಯ ಜಯಸಿಂಹನ ಹತ್ತಿರ ಸಂಧಿವಿಗ್ರಹಿ, ಅಂದರೆ ಯುದ್ಧ ಸಂಧಿಗಳ ವ್ಯವಹಾರ ನೋಡಿಕೊಳ್ಳುವ ಅಧಿಕಾರಿ, ಆಗಿದ್ದವನು. ಯುದ್ಧ, ಸಂಧಿ ಎಲ್ಲ ಹತ್ತಿರದಿಂದ ನೋಡಿದವನು. ಅಧಿಕಾರದ ಪಕ್ಕದಲ್ಲೇ ಕೂತವರು ಬರೆದ ಕಥೆಗಳು ಇವು ಅನ್ನುವುದನ್ನು ಚಿತ್ರ ಬರೆಯುವಾಗ ನೆನಪಿಟ್ಟುಕೊಳ್ಳಿ.

ಸೊಪ್ಪಿನಬೆಟ್ಟ, ಶಿರಸಿ

ಆಧಾರ ಕಥೆಯ ಒಳಗೇ ಇದೆ ಸರ್. ಮಗ ಸತ್ತಾಗ ಗಂಗದತ್ತ ಗೋಳಾಡುತ್ತಾನೆ. ಆಗ ಅವನ ಹೆಂಡತಿ ಹೇಳುವ ಮಾತು ನೋಡಿ. ನಿನ್ನವರನ್ನು ನೀನೇ ಕೊಲ್ಲಿಸಿದವನು, ಈಗ ಯಾಕೆ ಅಳುತ್ತೀಯ, ನಮ್ಮವರೆಲ್ಲ ಮುಗಿದ ಮೇಲೆ ನಮ್ಮನ್ನು ಕಾಯುವವರು ಯಾರು ಅಂತ ಕೇಳುತ್ತಾಳೆ. ಮಂಗ ಯಾವ ಕಾರಣಕ್ಕೆ ಕಥೆ ಹೇಳಿದರೂ ಆ ಮಾತು ಅಲ್ಲೇ ನಿಂತಿದೆ. ಇಡೀ ಕಥೆಯಲ್ಲಿ ಅವನಿಗೆ ಮುಖಕ್ಕೆ ಹೇಳಿದವಳು ಅವಳೊಬ್ಬಳೇ. ಅವಳಿಗೆ ಹೆಸರೂ ಕೊಟ್ಟಿಲ್ಲ. ನನ್ನ ಪುಸ್ತಕದಲ್ಲಿ ಅವಳು ಮೊದಲ ಪುಟದಿಂದಲೇ ಇರುತ್ತಾಳೆ. ಮಾತಾಡುವುದು ಒಂದೇ ಸಲ, ಆದರೆ ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಮೂಲೆಯಲ್ಲಿ ಅವನನ್ನೇ ನೋಡುತ್ತಿರುತ್ತಾಳೆ.

ಯಲ್ಲಾಪುರದ ಓದುಗ

ಒಪ್ಪಿದೆ. ಆ ಶ್ಲೋಕ ನೆನಪಿಗೆ ಬಂದಿರಲಿಲ್ಲ. ಹೆಂಡತಿ ಮೊದಲಿಂದ ಇರಲಿ.

ಕತ್ತಲೆಕಾನು, ಸಿದ್ದಾಪುರ

ಅಕ್ಕ, ಕಿರೀಟದ ಪ್ರಶ್ನೆಗೆ ಪ್ರಕೃತಿಯೇ ಉತ್ತರ ಇಟ್ಟಿದೆ. ಮೊದಲ ಜೋರು ಮಳೆಗೆ ಗದ್ದೆಯಲ್ಲಿ ಬರುವ ದೊಡ್ಡ ಕಪ್ಪೆ ನೋಡಿರುತ್ತೀರಿ. ಬೇರೆ ದಿನ ಅದು ಹಸಿರು, ಕಂದು, ಮಣ್ಣಿನ ಬಣ್ಣ. ಮೊಟ್ಟೆ ಇಡುವ ಕಾಲಕ್ಕೆ ಮಾತ್ರ ಗಂಡು ಕಪ್ಪೆ ಪೂರ್ತಿ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬುತ್ತದೆ. ಆ ದಿನಗಳು ಮುಗಿದ ಮೇಲೆ ಬಣ್ಣ ಇಳಿದು ಮತ್ತೆ ಮಣ್ಣು. ಗಂಗದತ್ತನನ್ನು ಆ ಕಪ್ಪೆ ಮಾಡಿ. ರಾಜ್ಯದ ಆಸೆ ಏರಿದಾಗ ಹಳದಿ ಏರಲಿ, ಒಬ್ಬೊಬ್ಬರೇ ಕಪ್ಪೆ ಕಡಿಮೆ ಆದ ಹಾಗೆ ಹಳದಿ ಇಳಿಯಲಿ. ಇನ್ನೊಂದು ವಿಷಯ, ಈ ಜಾತಿಯ ದೊಡ್ಡ ಕಪ್ಪೆಗಳು ಸಣ್ಣ ಕಪ್ಪೆಗಳನ್ನು ನುಂಗುವುದೂ ಉಂಟು. ಹಾವಿನ ಮೇಲೆ ಎಲ್ಲ ತಪ್ಪು ಹೊರಿಸುವ ಮೊದಲು ಇದೂ ಮನಸ್ಸಿನಲ್ಲಿರಲಿ.

ಈಗ ನನ್ನ ಬೇಡಿಕೆ. ದಯವಿಟ್ಟು ಹಾವನ್ನು ದುಷ್ಟ ಮಾಡಬೇಡಿ. ಕೆಂಪು ಕಣ್ಣು, ರಕ್ತ ಸುರಿಯುವ ಹಲ್ಲು, ಸೀಳು ನಾಲಗೆ ಚಾಚಿ ನಗುವ ಹಾವು, ಇಂಥ ಚಿತ್ರ ನೋಡಿ ಬೆಳೆದ ಮಕ್ಕಳು ಹಾವು ಕಂಡಲ್ಲಿ ಕಲ್ಲು ಎತ್ತುತ್ತಾರೆ. ಅಂಗಳಕ್ಕೆ ಬಂದ ಕೇರೆ ಹಾವನ್ನೂ ಹೊಡೆದು ಹಾಕಿದ್ದನ್ನು ನೋಡಿ ಹೊಟ್ಟೆ ಉರಿದಿದೆ, ಅದು ವಿಷವೇ ಇಲ್ಲದ ಹಾವು. ಕಥೆಯಲ್ಲೂ ಹಾವು ಕೆಟ್ಟದ್ದೇನೂ ಮಾಡಲಿಲ್ಲ, ಮುದಿ ಹಾವು, ಹಸಿವು, ಕರೆದರು ಬಂತು, ಅಷ್ಟೇ. ಮೂಲದಲ್ಲಿ ಕರಿನಾಗರ ಇದೆ ಅಂತ ನಾಗರಹಾವನ್ನೇ ಬರೆಯುವುದಾದರೆ ಹೆಡೆ ಬಿಚ್ಚಿಸಬೇಡಿ. ನಾಗರ ಹೆಡೆ ಎತ್ತುವುದು ಹೆದರಿದಾಗ, ಬೆದರಿಸುವಾಗ. ಊಟ ಹುಡುಕುವಾಗ ತಲೆ ತಗ್ಗಿಸಿ ಸಾಮಾನ್ಯ ಹಾವಿನ ಹಾಗೇ ಹರಿದು ಹೋಗುತ್ತದೆ.

ಉಳಿದ ಕಪ್ಪೆಗಳನ್ನು ಎಲ್ಲ ಒಂದೇ ಅಚ್ಚಿನಲ್ಲಿ ಹೊಯ್ಯಬೇಡಿ. ನಮ್ಮ ಕತ್ತಲೆಕಾನಿನ ಕಡೆಯ ಕುಂಬಾರ ಕಪ್ಪೆ ಗೊತ್ತಲ್ಲ, 2014ರಲ್ಲಿ ಹೊಸ ಜಾತಿ ಅಂತ ವಿಜ್ಞಾನಿಗಳು ಹೆಸರಿಟ್ಟರು, ಗಂಡು ಕಪ್ಪೆ ತನ್ನ ಮೊಟ್ಟೆಗಳಿಗೆ ಮುಂಗಾಲಿನಿಂದ ಕೆಸರು ಮೆತ್ತುತ್ತದೆ. ಅದು ಬಾವಿಯ ಕಪ್ಪೆ ಅಲ್ಲ, ಹಳ್ಳದ್ದು. ಆದರೆ ಕೊನೆಗೆ ಗಂಗದತ್ತ ಹೋಗುವ ದಾರಿಯಲ್ಲಿ ಒಂದು ಹಳ್ಳ ಬಂದರೆ, ಯಾವ ರಾಜ್ಯದ ಗೊಡವೆಯೂ ಇಲ್ಲದೆ ತನ್ನ ಕೆಲಸ ಮಾಡಿಕೊಂಡಿರುವ ಅಂಥ ಒಂದು ಕಪ್ಪೆ ಅಲ್ಲಿ ಇರಬಹುದಲ್ವಾ.

ಹೊನ್ನಾವರ ಹೊಳೆ

ಹಳದಿ ಇಳಿಯುವ ಯೋಚನೆ ತುಂಬಾ ತುಂಬಾ ಚೆನ್ನಾಗಿದೆ. ಕಿರೀಟ ಇಟ್ಟ ಕಪ್ಪೆ ನೋಡಿ ನೋಡಿ ಸಾಕಾಗಿದೆ ಮಾರಾಯ್ರೆ.

ಹಸೆಗೋಡೆ

ಚಿತ್ತಾರದ ಪ್ರಶ್ನೆಗೆ ನಾನು ಉತ್ತರಿಸಬಹುದು ಅನಿಸುತ್ತದೆ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಅಮ್ಮ, ಅಜ್ಜಿ, ಅತ್ತೆಯರು ಬರೆಯುತ್ತಾ ಬಂದಿದ್ದು ಇದು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ನೆನೆಸಿ ಅರೆದ ಬಿಳಿ, ಅಕ್ಕಿಯನ್ನೇ ಕರಕಾಗುವ ಹಾಗೆ ಹುರಿದು ಅರೆದ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಗೆರೆ ಎಳೆಯುವಾಗ ಉಸಿರು ಹಿಡಿದು ಎಳೆಯಬೇಕು, ಅಷ್ಟು ನೇರ ಬರಬೇಕು.

ನನ್ನ ಮಾತನ್ನು ತಪ್ಪು ತಿಳಿಯಬೇಡಿ. ಹಸೆಗೋಡೆ ಚಿತ್ತಾರ ಅಂದರೆ ಮದುವೆಯದು. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ಬರೆಯುವುದು. ಅದರ ಚೌಕಟ್ಟು ಹಾಗೇ ತೆಗೆದುಕೊಂಡು ಒಳಗೆ ಹಾವು ಕಪ್ಪೆ ನುಂಗುವುದನ್ನು ಬರೆದರೆ ನಮ್ಮ ಮನೆಯ ಹಿರಿಯರಿಗೆ ಬೇಜಾರಾಗುತ್ತದೆ, ನನಗೂ ಆಗುತ್ತದೆ. ಬಣ್ಣ ತೆಗೆದುಕೊಳ್ಳಿ, ಪುಂಡಿ ನಾರಿನ ಗೆರೆ ತೆಗೆದುಕೊಳ್ಳಿ, ಮಣ್ಣು ಅಕ್ಕಿ ಯಾರಿಗೂ ಬೇಡ ಅನ್ನುವ ಹಾಗಿಲ್ಲ. ಹಸೆಯನ್ನು ಅದರ ಜಾಗದಲ್ಲಿ ಬಿಡಿ. ಎಲ್ಲಿಂದ ಕಲಿತದ್ದು ಅಂತ ಪುಸ್ತಕದಲ್ಲಿ ಒಂದು ಸಾಲು ಹಾಕಿ. ಎಷ್ಟೋ ಕಡೆ ಚೀಲದ ಮೇಲೆ, ಡೈರಿಯ ಮೇಲೆ ನಮ್ಮ ಚಿತ್ತಾರ ಬರುತ್ತದೆ, ಬರೆದ ಹೆಂಗಸರ ಸುದ್ದಿ ಒಂದಕ್ಷರ ಇರುವುದಿಲ್ಲ.

ಇನ್ನು ಕತ್ತಲೆಕಾನು ಹೇಳಿದ ಹಳದಿ ಗುರಿಗೆಯಲ್ಲಿ ಬರುತ್ತದೆ. ನೀಲಿ ನಮ್ಮಲ್ಲಿ ಇಲ್ಲ. ಗಂಟಲ ಚೀಲಕ್ಕೆ ಬಿಳಿಯೇ ಸಾಕು.

ಅಂಕೋಲಾ ಗಾಬಿತಕೇಣಿ ರಸ್ತೆ

ಬಣ್ಣ ಇನ್ನೂ ಕಡಿಮೆ ಬೇಕಾದರೆ ನಮ್ಮ ಕರಾವಳಿಯ ಕಾವಿ ಕಲೆ ನೋಡಿ. ಹಳೆಯ ದೇವಸ್ಥಾನದ ಗೋಡೆಗಳಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕಾವಿ ಕೆಂಪು ಹಚ್ಚಿ, ಹಸಿ ಇರುವಾಗಲೇ ಕೆರೆದು ಒಳಗಿನ ಬಿಳಿ ಕಾಣಿಸುತ್ತಾರೆ. ಎರಡೇ ಬಣ್ಣ. ಒಮ್ಮೆ ಕೆರೆದರೆ ಮುಗಿಯಿತು, ತಿದ್ದಲು ಬರುವುದಿಲ್ಲ. ಬಾವಿಯ ಒಳಗಿನ ದೃಶ್ಯಗಳಿಗೆ ಅದು ಹೊಂದುತ್ತದೆ, ಯಾಕೆಂದರೆ ನಮ್ಮ ಚಿರೆಕಲ್ಲು ಬಾವಿಯ ಒಳಗೋಡೆ ಅದೇ ಕೆಂಪು. ಈಗ ಸುಣ್ಣ ಬಳಿದು, ಎಷ್ಟೋ ಕಡೆ ಟೈಲ್ಸ್ ಹಾಕಿ ಆ ಗೋಡೆಗಳೇ ಮುಚ್ಚಿಹೋಗುತ್ತಿವೆ. ನಿಮ್ಮ ಪುಸ್ತಕ ನೋಡಿ ನಾಲ್ಕು ಮಕ್ಕಳು ದೇವಸ್ಥಾನದ ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿದರೂ ನನಗೆ ಖುಷಿ.

ಶಿರಸಿ ಪೇಟೆ

ಬೇಡರ ವೇಷದ ಊರಲ್ಲಿ ಇದ್ದುಕೊಂಡು ಯಾರೂ ಅದರ ಮಾತೇ ಎತ್ತಲಿಲ್ಲ! ಹೋಳಿಯಲ್ಲಿ ಎರಡು ವರ್ಷಕ್ಕೊಮ್ಮೆ ನಮ್ಮ ಪೇಟೆಯಲ್ಲಿ ಕುಣಿಯುವ ಆ ವೇಷದ ಹಿಂದೆ ಇರುವುದು ಇದೇ ಕಥೆ ಅಲ್ವಾ? ಸೋಂದೆ ಅರಸರ ಕಾಲದಲ್ಲಿ ಊರು ಕಾಯಲು ಮಲ್ಲೇಶಿ ಅನ್ನುವ ಬೇಡನನ್ನು ತಂದಿಟ್ಟರು ಅಂತ ಹೇಳುತ್ತಾರೆ. ಕಾಯಲು ಬಂದವನೇ ಆಮೇಲೆ ಊರಿಗೆ ಕಾಟ ಕೊಟ್ಟ, ಹೆಣ್ಣುಮಕ್ಕಳು ಹೊರಗೆ ಬರದ ಹಾಗಾಯಿತು. ಕೊನೆಗೆ ರುದ್ರಾಂಬಿಕೆ ಅವನ ಕೈ ಹಿಡಿದು, ತನ್ನ ಬಾಳನ್ನೇ ಒತ್ತೆ ಇಟ್ಟು ಅವನ ಆಟ ಮುಗಿಸಿದಳು. ಇವತ್ತಿಗೂ ವೇಷ ಕುಣಿಯುವಾಗ ಹಿಂದಿನಿಂದ ಇಬ್ಬರು ಹಗ್ಗ ಹಿಡಿದು ಎಳೆಯುತ್ತಿರುತ್ತಾರೆ. ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ, ತಮಟೆಯ ಸದ್ದಿಗೆ ಅವನು ಜನರ ಮೇಲೆ ನುಗ್ಗುತ್ತಾನೆ, ಹಗ್ಗ ಬಿಟ್ಟರೆ ಗತಿ ಇಲ್ಲ.

ಶಿರಸಿಯ ಮಕ್ಕಳಿಗೆ ಪ್ರಿಯದರ್ಶನನನ್ನು ಅರ್ಥ ಮಾಡಿಸಲು ಬೇರೆ ಏನೂ ಬೇಡ. ಪುಸ್ತಕ ತೋರಿಸುವ ದಿನ ಇದನ್ನೂ ಮಾತಾಡಿ. ಮಲ್ಲೇಶಿಗೆ ಹಗ್ಗ ಇತ್ತು, ಹಾವಿಗೆ ಗಂಗದತ್ತ ಯಾವ ಹಗ್ಗವನ್ನೂ ಕಟ್ಟಲಿಲ್ಲ, ಬರೀ ಮಾತು ತೆಗೆದುಕೊಂಡ.

ಕಾರವಾರ ಕಡಲು

ತಡವಾಗಿ ನೋಡಿದೆ. ಮೂರು ಮಾತು ಹೇಳಬೇಕು, ಉದ್ದ ಆಗುತ್ತದೆ.

ನೀರೆತ್ತುವ ಗಾಲಿ. ಇದನ್ನು ನಮ್ಮ ಕಡೆಯ ರಾಟೆ, ಹಗ್ಗ, ಕೊಡಪಾನ ಮಾಡಬೇಡಿ. ಮೂಲದಲ್ಲಿರುವುದು ಅರಘಟ್ಟ. ದೊಡ್ಡ ಗಾಲಿಯ ಮೇಲೆ ಗಡಿಗೆಗಳ ಮಾಲೆ ಇರುತ್ತದೆ, ಎತ್ತು ತಿರುಗಿದ ಹಾಗೆ ಒಂದು ಕಡೆ ತುಂಬಿದ ಗಡಿಗೆ ಮೇಲೆ ಬಂದು ನೀರು ಸುರಿಯುತ್ತದೆ, ಇನ್ನೊಂದು ಕಡೆ ಖಾಲಿ ಗಡಿಗೆ ಕೆಳಗೆ ಹೋಗುತ್ತದೆ. ಗಂಗದತ್ತ ಮೇಲೆ ಬಂದದ್ದು ಅದರಲ್ಲೇ, ಹಾವು ಇಳಿದದ್ದು ಅದರಲ್ಲೇ, ಈಗ ಹೋಗು ಅಂದಾಗ ತೋರಿಸಿದ ದಾರಿಯೂ ಅದೇ. ನಮ್ಮ ಜಿಲ್ಲೆಯಲ್ಲಿ ಅರಘಟ್ಟ ನಾನಂತೂ ಕಂಡಿಲ್ಲ, ಆದರೂ ಅದನ್ನೇ ಬರೆಯಿರಿ. ಮಕ್ಕಳು ಹೊಸದೊಂದು ಯಂತ್ರ ನೋಡಿದ ಹಾಗೂ ಆಯಿತು. ಎರಡು ಪುಟದ ಚಿತ್ರದಲ್ಲಿ ಎಡಕ್ಕೆ ಏರುವ ಗಡಿಗೆ, ಬಲಕ್ಕೆ ಇಳಿಯುವ ಗಡಿಗೆ, ನಡುವೆ ಕಟ್ಟೆಯ ಮೇಲೆ ಅವನು. ಏನೂ ಬರೆಯದೆಯೇ ಎಲ್ಲ ಅರ್ಥ ಆಗುತ್ತದೆ.

ಗ್ರೀಕರಲ್ಲೂ ಕಪ್ಪೆ ಮತ್ತು ರಾಜನ ಕಥೆ ಇದೆ, ಈಸೋಪನ ಹೆಸರಿನಲ್ಲಿ ಬರುವುದು. ಅಲ್ಲಿ ಕಪ್ಪೆಗಳೇ ದೇವರ ಹತ್ತಿರ ರಾಜ ಬೇಕು ಅಂತ ಕೇಳುತ್ತವೆ. ದೇವರು ಮರದ ದಿಮ್ಮಿ ಎಸೆಯುತ್ತಾನೆ. ದಿಮ್ಮಿ ಸುಮ್ನೆ ತೇಲುತ್ತದೆ, ಇದು ಸಪ್ಪೆ, ಗಟ್ಟಿ ರಾಜ ಕೊಡು ಅನ್ನುತ್ತವೆ, ಆಗ ನೀರುಹಾವು ಬರುತ್ತದೆ. ಅಲ್ಲಿ ತಪ್ಪು ಪ್ರಜೆಗಳದು. ನಮ್ಮ ಕಥೆಯಲ್ಲಿ ಪ್ರಜೆಗಳನ್ನು ಯಾರೂ ಕೇಳಲೇ ಇಲ್ಲ. ದಾಯಾದಿಗಳೂ ಅಲ್ಲದ, ಯಾರ ಜಗಳಕ್ಕೂ ಹೋಗದ ಎಷ್ಟೋ ಕಪ್ಪೆಗಳು ದಿನಕ್ಕೊಂದರಂತೆ ಸತ್ತವು. ಅವರು ಯಾರು? ಅವರ ಮುಖ ಬರೆಯಿರಿ. ದಾಯಾದಿಗಳು ಅಂತ ಒಂದು ಗುಂಪು, ಉಳಿದವರು ಅಂತ ಒಂದು ಗುಂಪು ಮಾಡಿ ಕೈ ತೊಳೆದುಕೊಳ್ಳಬೇಡಿ. ಯಾರನ್ನು ಇವತ್ತು ಕೊಡುವುದು ಅಂತ ಗಂಗದತ್ತ ಪ್ರತಿ ಬೆಳಿಗ್ಗೆ ಆರಿಸುತ್ತಿದ್ದ. ನನಗೆ ಕಥೆಯಲ್ಲಿ ನಿದ್ದೆ ಕೆಡಿಸುವುದು ಆ ಬೆಳಗುಗಳು.

ಕೊನೆಯದು ನಮ್ಮ ಕಡೆಯದು. ಅಣ್ಣತಮ್ಮಂದಿರ ಜಮೀನಿನ ಜಗಳಕ್ಕೆ ಹೊರಗಿನ ಒಬ್ಬ ದೊಡ್ಡ ಮನುಷ್ಯನನ್ನು ಕರೆಸಿದ್ದು ನಮ್ಮ ಬಂಧುಗಳಲ್ಲೇ ನಡೆದಿದೆ. ಅವನ ಬಲದಿಂದ ಅಣ್ಣ ಗೆದ್ದ. ಈಗ ಆ ತೆಂಗಿನ ತೋಟದಲ್ಲಿ ಅಣ್ಣನೂ ಇಲ್ಲ, ತಮ್ಮನೂ ಇಲ್ಲ, ಬೇಲಿ ಹಾಕಿದವನು ಮೂರನೆಯವನು. ಹಬ್ಬಕ್ಕೆ ಸೇರುವ ಮನೆಯೇ ಉಳಿಯಲಿಲ್ಲ. ಹಾಗಾಗಿ ಇದು ಮಕ್ಕಳ ಕಥೆ ಮಾತ್ರ ಅಂತ ನನಗೆ ಅನಿಸುವುದಿಲ್ಲ. ಪುಸ್ತಕ ಶಾಲೆಯಿಂದ ಮನೆಗೆ ಹೋಗಲಿ, ದೊಡ್ಡವರೂ ಓದಲಿ.

ಕುಮಟಾ ಮಾಸ್ತರು

ಕಡಲು ಅವರ ಎರಡನೇ ಮಾತಿಗೆ ನನ್ನದೂ ಒತ್ತು. ಪ್ರತಿ ಕಪ್ಪೆಗೂ ಒಂದು ಗುರುತು ಕೊಟ್ಟರೆ ಮಕ್ಕಳೇ ಲೆಕ್ಕ ಇಡುತ್ತಾರೆ. ಒಂದಕ್ಕೆ ಬೆನ್ನ ಮೇಲೆ ಗೆರೆ, ಒಂದು ಯಾವಾಗಲೂ ಕಲ್ಲಿನ ಸಂದಿಯಲ್ಲಿ, ಒಂದು ನೀರ ಮೇಲೆ ಕಾಲು ಚಾಚಿ ತೇಲುವುದು. ಹಾವು ನುಂಗುವುದನ್ನು ತೋರಿಸುವುದೇ ಬೇಡ. ಮುಂದಿನ ಪುಟದಲ್ಲಿ ಆ ಸಂದಿ ಖಾಲಿ ಇದ್ದರೆ ಸಾಕು, ಸಣ್ಣ ಮಕ್ಕಳು ಬೆರಳಿಟ್ಟು ಹುಡುಕುತ್ತಾರೆ, ಎಲ್ಲಿ ಹೋಯಿತು ಅಂತ ಅವರೇ ಕೇಳುತ್ತಾರೆ.

ಅಚ್ಚಿನ ಕೆಲಸ

ಮುದ್ರಣದ ಕಡೆಯಿಂದ. ಕೆಮ್ಮಣ್ಣಿನ ಕೆಂಪು ಅಚ್ಚಿನಲ್ಲಿ ಕೈಕೊಡುವ ಬಣ್ಣ. ಸ್ಕ್ಯಾನ್ ಮಾಡಿದಾಗ ಸರಿ ಕಾಣುತ್ತದೆ, ಆಫ್‌ಸೆಟ್‌ನಲ್ಲಿ ಕಂದು ಆಗಿಬಿಡುತ್ತದೆ, ಇಲ್ಲ ಕಿತ್ತಳೆಗೆ ತಿರುಗುತ್ತದೆ. ಪೂರ್ತಿ ಪುಸ್ತಕ ಹಾಕಿಸುವ ಮೊದಲು ಒಂದು ಹಾಳೆ ಪ್ರೂಫ್ ತೆಗೆಸಿ, ನಿಜವಾದ ಮಣ್ಣು ಬಳಿದ ಕಾಗದ ಪಕ್ಕದಲ್ಲಿಟ್ಟು ನೋಡಿ. ಹೊಳಪಿಲ್ಲದ ಮ್ಯಾಪ್‌ಲಿಥೋ ಕಾಗದ ಶಾಯಿ ಹೀರಿಕೊಳ್ಳುತ್ತದೆ, ಬಣ್ಣ ಸ್ವಲ್ಪ ಮಂಕಾಗುತ್ತದೆ, ಆದರೆ ಮಣ್ಣಿನ ಗೋಡೆಯ ಹಾಗೆ ಕಾಣಲು ಅದೇ ಒಳ್ಳೆಯದು. ಹೊಳೆಯುವ ಆರ್ಟ್ ಪೇಪರ್‌ನಲ್ಲಿ ಬಾವಿ ಪ್ಲಾಸ್ಟಿಕ್ ಆಗುತ್ತದೆ.

ಹಳದಿ ಪುಟದಿಂದ ಪುಟಕ್ಕೆ ಇಳಿಯಬೇಕು ಅಂದಿರಿ. ಬಣ್ಣ ತುಂಬಾ ಹತ್ತಿರ ಹತ್ತಿರ ಇಳಿಸಿದರೆ ಅಚ್ಚಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. ಕೆಲವೇ ಮೆಟ್ಟಿಲು ಮಾಡಿ, ಕಣ್ಣಿಗೆ ಸರಿಯಾಗಿ ಬೀಳುವಷ್ಟು. ಮಧ್ಯೆ ಪಿನ್ ಹೊಡೆಯುವ ಪುಸ್ತಕ ಆದರೆ ಪುಟಗಳು ನಾಲ್ಕರ ಲೆಕ್ಕದಲ್ಲಿ ಬರಬೇಕು. ಎರಡು ಪುಟದ ದೊಡ್ಡ ಚಿತ್ರವನ್ನು ಸರಿಯಾಗಿ ನಡುವಿನ ಹಾಳೆಯಲ್ಲೇ ಇಡಿ. ಅಲ್ಲಿ ಎರಡೂ ಪುಟ ಒಂದೇ ಹಾಳೆ, ಜೋಡಣೆ ತಪ್ಪುವುದಿಲ್ಲ. ಬೇರೆ ಕಡೆ ಇಟ್ಟರೆ ಅರ್ಧ ಕಪ್ಪೆ ಮೇಲೆ, ಅರ್ಧ ಕಪ್ಪೆ ಕೆಳಗೆ ಹೋಗುತ್ತದೆ.

ಸೊಪ್ಪಿನಬೆಟ್ಟ, ಶಿರಸಿ

ನಡುವಿನ ಹಾಳೆ! ಅಂದರೆ ಬಾವಿಕಟ್ಟೆಯ ಚಿತ್ರ ಪುಸ್ತಕದ ಅರ್ಧದಲ್ಲಿ ಬರಬೇಕು. ನನ್ನ ಕರಡಿನಲ್ಲಿ ಅದು ತುಂಬಾ ಮುಂಚೆ ಬರುತ್ತಿತ್ತು. ಈಗ ಯೋಚಿಸಿದರೆ ಅರ್ಧ ಪುಸ್ತಕ ಬಾವಿಯ ಜೀವನ ತೋರಿಸಲು ಸಿಕ್ಕಿತು. ಕಪ್ಪೆಗಳ ಗುರುತು, ಹೆಂಡತಿ, ಮಗ, ದಾಯಾದಿಗಳ ತಂಟೆ, ಎಲ್ಲ ಅಲ್ಲಿ ಬರುತ್ತದೆ. ಅವರನ್ನು ಬಲ್ಲೆವು ಅನ್ನುವ ಹಾಗೆ ಆದ ಮೇಲೆ ಅವನು ಮೇಲೆ ಬರಲಿ.

ಹೀಗೆ ಮಾಡುತ್ತೇನೆ. ಹಸೆಯ ಚೌಕಟ್ಟು ಬೇಡ, ಬಣ್ಣ ಮತ್ತು ಪುಂಡಿ ನಾರಿನ ಗೆರೆ ಮಾತ್ರ, ಎಲ್ಲಿಂದ ಬಂತು ಅನ್ನುವುದು ಒಂದು ಸಾಲಲ್ಲ, ಒಂದು ಪುಟವೇ ಇರುತ್ತದೆ. ಹಸೆಗೋಡೆ ಅವರೇ, ಆ ಪುಟ ನಿಮ್ಮ ಮನೆಯ ಹಿರಿಯರ ಬಾಯಿಂದಲೇ ಬರೆಸಿ ಕೊಡುತ್ತೀರಾ? ಅರಘಟ್ಟ ಇರುತ್ತದೆ. ಹಾವು ಕಪ್ಪು, ಹೆಡೆ ಇಲ್ಲ, ಮುಖದಲ್ಲಿ ಸಿಟ್ಟಿಲ್ಲ, ಹೊಟ್ಟೆ ಒಳಗೆ ಹೋಗಿರುವ ಮುದಿ ಹಾವು. ಕಾವಿಯನ್ನು ಬಾವಿಯ ಒಳಗಿನ ಪುಟಗಳಿಗೆ ಪ್ರಯತ್ನಿಸುತ್ತೇನೆ, ಹೊರಗಿನ ಪುಟಗಳಿಗೆ ನಾಲ್ಕೂ ಬಣ್ಣ. ಒಳಗೆ ಎರಡು ಬಣ್ಣ, ಹೊರಗೆ ನಾಲ್ಕು, ಮಕ್ಕಳಿಗೆ ಹೊರಗಿನದು ಎಷ್ಟು ದೊಡ್ಡದು ಅಂತ ಗೊತ್ತಾಗಲಿ. ಹಳದಿ ಮಾತ್ರ ಬಾವಿಯೊಳಗೂ ಇರಬೇಕಾಗುತ್ತದೆ, ಅವನ ಮೈಮೇಲೆ.

ಒಂದು ಕಡೆ ಮಾತ್ರ ಕಡಲು ಅವರ ಮಾತು ಪೂರ್ತಿ ಒಪ್ಪಲು ಆಗುತ್ತಿಲ್ಲ. ದಿನ ಬೆಳಿಗ್ಗೆ ಆರಿಸುವ ದೃಶ್ಯ ಬರೆದು ನೋಡಿದೆ. ಅವನ ಮುಖ ತೋರಿಸಿದರೆ ಕೊಲೆಗಾರನ ಹಾಗೆ ಕಾಣುತ್ತಾನೆ, ಮಕ್ಕಳು ಅವನಿಂದ ದೂರ ಹೋಗುತ್ತಾರೆ, ಇವನು ನಮ್ಮಂಥವನಲ್ಲ ಅಂದುಕೊಳ್ಳುತ್ತಾರೆ. ನನಗೆ ಅವನು ಕೊನೆಯವರೆಗೂ ನಮ್ಮಂಥವನೇ ಆಗಿರಬೇಕು. ಹಾಗಾಗಿ ಅವನ ಬೆನ್ನು ಮಾತ್ರ ತೋರಿಸುತ್ತೇನೆ, ಎದುರಿಗೆ ಉಳಿದ ಕಪ್ಪೆಗಳ ಮುಖ.

ಕಾರವಾರ ಕಡಲು

ಬೆನ್ನು ಸರಿ. ಆ ಪುಟದಲ್ಲಿ ಹೆಂಡತಿ ಎಲ್ಲಿರುತ್ತಾಳೆ ಅನ್ನುವುದನ್ನು ಮರೆಯಬೇಡಿ.

ಹಸೆಗೋಡೆ

ಬರೆಸಿ ಕೊಡುತ್ತೇನೆ. ಗುರಿಗೆ ಕಾಯಿಯೂ ಕಳಿಸುತ್ತೇನೆ.

ಕುಮಟಾ ಮಾಸ್ತರು

ಇನ್ನೊಂದು ಉಳಿದಿದೆ. ಕೊನೆಯಲ್ಲಿ ಉಡ ಬರುತ್ತದಲ್ಲ, ಅದನ್ನು ಬಿಡಬೇಡ. ಗಂಗದತ್ತ ಬರಲಿಲ್ಲ ಅಂತ ಹಾವು ಪಕ್ಕದಲ್ಲಿದ್ದ ಉಡವನ್ನು ಕಳಿಸುತ್ತದೆ, ಬೇರೆ ಕಪ್ಪೆ ಸಿಗದಿದ್ದರೂ ಪರವಾಗಿಲ್ಲ, ನೀನೊಬ್ಬನೇ ಬಾ, ನೀನಿಲ್ಲದೆ ಇರಲಾರೆ ಅಂತ. ಓದಿ ಹೇಳುವಾಗ ಮಕ್ಕಳು ಇಲ್ಲಿ ನಗುತ್ತಾರೆ, ನಗಲಿ, ಮಗನ ಪುಟದ ಭಾರ ಸ್ವಲ್ಪ ಇಳಿಯುತ್ತದೆ. ಆಮೇಲೆ ಖಂಡಿತ ಒಬ್ಬರಾದರೂ ಕೇಳುತ್ತಾರೆ, ಬಾವಿಯಲ್ಲಿ ಉಳಿದ ಹಾವಿನ ಗತಿ ಏನು ಅಂತ. ಮೂಲದಲ್ಲಿ ಅದಕ್ಕೆ ಉತ್ತರ ಇಲ್ಲ.

ಕತ್ತಲೆಕಾನು, ಸಿದ್ದಾಪುರ

ಹಾವು ಊಟ ಇಲ್ಲದೆ ವಾರಗಟ್ಟಲೆ ಇರಬಲ್ಲದು ಮಾಸ್ತರ್ರೆ. ಗಡಿಗೆಯಲ್ಲಿ ಇಳಿದದ್ದು ಗಡಿಗೆಯಲ್ಲೇ ಹತ್ತಿ ಬರಬಹುದು. ಮಕ್ಕಳಿಗೆ ಹಾಗೇ ಹೇಳಿ, ಅದು ಸಾಯಬೇಕಾಗಿಲ್ಲ.

ಅಚ್ಚಿನ ಕೆಲಸ

ಉಡದ ಪುಟ, ಚಿತ್ತಾರದ ಪುಟ ಸೇರಿಸಿದರೆ 32 ಪುಟಕ್ಕೆ ಸರಿಹೋಗುತ್ತದೆ, ನಡುವಿನ ಹಾಳೆ 16 ಮತ್ತು 17 ಆಗುತ್ತದೆ. ಕಟ್ಟೆಯ ಚಿತ್ರವನ್ನು ಆ ಅಳತೆಗೆ ಬರೆಯಿರಿ, ಸುತ್ತ ಮೂರು ಮಿಲಿಮೀಟರ್ ಜಾಸ್ತಿ ಬಿಡಿ, ಕತ್ತರಿಸುವಾಗ ಬೇಕಾಗುತ್ತದೆ. ಗಂಗದತ್ತನನ್ನು ಮಡಿಕೆಯ ಮೇಲೆ ಕೂರಿಸಬೇಡಿ, ಒಂದು ಬೆರಳು ಎಡಕ್ಕೆ ಇರಲಿ.